ಆನ್‌ಲೈನ್ ಜೂಜಿಗೆ ಬೀಗ, ಸರ್ಕಾರಿ ಲಾಟರಿಗೆ ಬಾಗಿಲು

2025ರ ಜುಲೈ ಕೊನೆಗೆ ಹಿಮಾಚಲ ಪ್ರದೇಶದ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. 1999ರಲ್ಲಿ ನಿಲ್ಲಿಸಿದ್ದ ರಾಜ್ಯ ಲಾಟರಿಯನ್ನು ಮತ್ತೆ ಶುರು ಮಾಡುವುದು, ಖಜಾನೆ ಬರಿದಾಗಿರುವುದರಿಂದ ವರ್ಷಕ್ಕೆ 50ರಿಂದ 100 ಕೋಟಿ ರೂಪಾಯಿಯಾದರೂ ಬಂದೀತೆಂಬ ನಿರೀಕ್ಷೆ. ಮೂರು ವಾರ ಕಳೆಯುವಷ್ಟರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಪೂರ್ತಿ ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಯಾವುದೇ ಇರಲಿ, ಚಾತುರ್ಯದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಅಲ್ಲಿ ಜಾಗವಿಲ್ಲ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅದಾದ ಮೇಲೆ ಸೆಪ್ಟೆಂಬರ್ 22ರಿಂದ ಲಾಟರಿ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು.

ಮೊಬೈಲಿನಲ್ಲಿ ಐವತ್ತು ರೂಪಾಯಿ ಕಟ್ಟಿಸಿಕೊಂಡರೆ ಸಮಾಜಕ್ಕೆ ಪಿಡುಗು, ಅದೇ ಐವತ್ತಕ್ಕೆ ಸರ್ಕಾರ ಕಾಗದದ ಚೀಟಿ ಕೊಟ್ಟರೆ ಸಂಪನ್ಮೂಲ ಕ್ರೋಡೀಕರಣ! ಓದುಗರು ಗೊಂದಲಕ್ಕೆ ಬಿದ್ದರೆ ಆಶ್ಚರ್ಯವಿಲ್ಲ. ಈ ಇಬ್ಬಗೆಗೆ ಒಂದು ಕಾನೂನಿನ ಇತಿಹಾಸವಿದೆ, ಒಂದು ಹಣದ ಲೆಕ್ಕವೂ ಇದೆ. ಎರಡನ್ನೂ ಬಿಡಿಸಿ ನೋಡಬೇಕು.

ಪ್ರಜೆ ನಡೆಸಿದರೆ ಅಪರಾಧ, ರಾಜ್ಯ ನಡೆಸಿದರೆ ಆದಾಯ

ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೂಜು ಮತ್ತು ಪಣ ರಾಜ್ಯಗಳ ಪಟ್ಟಿಯ 34ನೇ ನಮೂದು. ಆದರೆ ಕೇಂದ್ರವೋ ರಾಜ್ಯವೋ ನಡೆಸುವ ಲಾಟರಿ ಮಾತ್ರ ಕೇಂದ್ರ ಪಟ್ಟಿಯ 40ನೇ ನಮೂದು. ಅಂದರೆ ಲಾಟರಿಯನ್ನು ರಾಜ್ಯ ನಡೆಸಬಹುದು, ಅದಕ್ಕೆ ನಿಯಮ ಬರೆಯುವುದು ಸಂಸತ್ತು. ಆ ಅಧಿಕಾರದಿಂದ ಬಂದದ್ದೇ 1998ರ ಲಾಟರಿ ನಿಯಂತ್ರಣ ಕಾಯ್ದೆ. ಇನ್ನೊಂದು ಕಡೆ, ಹಳೆಯ ಭಾರತೀಯ ದಂಡ ಸಂಹಿತೆಯ 294ಎ ಕಲಮನ್ನು ಈಗಿನ ನ್ಯಾಯ ಸಂಹಿತೆ 297ನೇ ಕಲಮಾಗಿ ಉಳಿಸಿಕೊಂಡಿದೆ. ರಾಜ್ಯದ್ದಲ್ಲದ, ರಾಜ್ಯದ ಅನುಮತಿಯೂ ಇಲ್ಲದ ಲಾಟರಿಗೆ ಕಚೇರಿ ತೆರೆದರೆ ಆರು ತಿಂಗಳವರೆಗೆ ಸಜೆ. ಕೃತ್ಯ ಒಂದೇ, ಮಾಡುವವರು ಯಾರು ಎಂಬುದರ ಮೇಲೆ ಅದು ಅಪರಾಧವೋ ಆದಾಯವೋ ಎಂದು ತೀರ್ಮಾನವಾಗುತ್ತದೆ.

ಹಾಗಿದ್ದರೆ ಸರ್ಕಾರದ ಮುದ್ರೆ ಬಿದ್ದ ಮೇಲೆ ಲಾಟರಿ ಜೂಜಾಗಿ ಉಳಿಯುವುದಿಲ್ಲವೇ? ಈ ಪ್ರಶ್ನೆ 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಕೋರ್ಟ್ ಮುಲಾಜಿಲ್ಲದೆ ಹೇಳಿತು: ಯಾರೇ ನಡೆಸಲಿ, ಲಾಟರಿ ಜೂಜೇ. ಅದು ಇತರ ವ್ಯಾಪಾರಗಳಿಗಿರುವ ಸಂವಿಧಾನದ ರಕ್ಷಣೆಯನ್ನು ಕೇಳುವಂತಿಲ್ಲ. ಹೀಗಾಗಿ 'ಇದು ಜೂಜಲ್ಲ, ಜನಕಲ್ಯಾಣ' ಎಂದು ಯಾವುದೇ ರಾಜ್ಯ ಹೇಳಿಕೊಂಡರೆ ಅದಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ಜೂಜು ಹೌದು, ಆದರೂ ನಾವು ನಡೆಸುತ್ತೇವೆ ಎನ್ನುವುದಷ್ಟೇ ಉಳಿಯುವ ನಿಲುವು. ಅದಕ್ಕೆ ಬೇಕಾದ ಸಮರ್ಥನೆಯೂ ಹೆಚ್ಚಿನದು.

ಬೆಂಗಳೂರಿನ ಪದಬಂಧ

ಈ ತೀರ್ಪಿನ ಬೇರು ಇನ್ನೂ ಹಿಂದಿದೆ, ಅದೂ ನಮ್ಮ ಬೆಂಗಳೂರಿನಲ್ಲಿ. ಇಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಎಂಬ ಹೆಸರಿನ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿದವರಲ್ಲಿ ಬಾಂಬೆ ಪ್ರಾಂತದ ಓದುಗರೂ ಬಹಳ ಮಂದಿ. ಬಾಂಬೆ ಸರ್ಕಾರ ತೆರಿಗೆ ಕೇಳಿತು, ಪತ್ರಿಕೆಯವರು ಇದು ನಮ್ಮ ವ್ಯಾಪಾರದ ಹಕ್ಕು ಎಂದರು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಈ ಸ್ಪರ್ಧೆಯೂ ಜೂಜೇ, ಜೂಜು ಎಂದಿಗೂ ವ್ಯಾಪಾರವಾಗದು ಎಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಋಗ್ವೇದದ ಜೂಜುಗಾರನ ಸೂಕ್ತವಿದೆ, ಮಹಾಭಾರತವಿದೆ, ಮನು ಮತ್ತು ಯಾಜ್ಞವಲ್ಕ್ಯರಿದ್ದಾರೆ.

ಪ್ರಾಚೀನರ ನಡುವೆಯೂ ಒಮ್ಮತವಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ರಾಜನಾದವನು ಜೂಜನ್ನು ರಾಜ್ಯದಿಂದಲೇ ಹೊರಹಾಕಬೇಕು ಎಂದದ್ದು ಮನು. ಕೌಟಿಲ್ಯನದು ಬೇರೆ ದಾರಿ. ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇರಬೇಕು, ಆಟವೆಲ್ಲ ಒಂದೇ ಕಡೆ ನಡೆಯಬೇಕು, ಬೇರೆಡೆ ಆಡಿದವನಿಗೆ 12 ಪಣ (ಆಗಿನ ನಾಣ್ಯ) ದಂಡ, ಗೆದ್ದ ಹಣದಲ್ಲಿ ಶೇ 5 ಸರ್ಕಾರಕ್ಕೆ. ಗುಟ್ಟಾಗಿ ಬದುಕುವವರನ್ನು ಪತ್ತೆ ಹಚ್ಚಲು ಇದು ಅನುಕೂಲ ಎಂಬುದು ಅವನು ಕೊಡುವ ಕಾರಣ. ಇಂದಿನ ಸರ್ಕಾರಗಳು ಲಾಟರಿಯನ್ನು ಸಮರ್ಥಿಸಿಕೊಳ್ಳುವಾಗ ಗೊತ್ತಿದ್ದೋ ಗೊತ್ತಿಲ್ಲದೆಯೋ ಕೌಟಿಲ್ಯನ ಮಾತನ್ನೇ ಆಡುತ್ತವೆ. ಆದರೆ ಅವನ ದ್ಯೂತಾಧ್ಯಕ್ಷನ ಕೆಲಸ ಜೂಜನ್ನು ಒಂದು ಮನೆಯೊಳಗೆ ಕಟ್ಟಿಹಾಕುವುದು. ಬೀದಿಬೀದಿಗೆ ಹೊತ್ತು ಮಾರುವುದಾಗಿರಲಿಲ್ಲ.

ಕೇರಳದ ದಾರಿ

ಸರ್ಕಾರವೇ ಲಾಟರಿ ನಡೆಸುವ ಪದ್ಧತಿ ಸ್ವತಂತ್ರ ಭಾರತದಲ್ಲಿ ಬಂದದ್ದು ಕೇರಳದಿಂದ. 1967ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದ ಹಣಕಾಸು ಸಚಿವ ಪಿ.ಕೆ. ಕುಞ್ಞು ಖಾಸಗಿ ಲಾಟರಿಗಳನ್ನು ಮುಚ್ಚಿಸಿ ರಾಜ್ಯದ್ದೇ ಒಂದನ್ನು ಆರಂಭಿಸಿದರು. ಟಿಕೆಟ್‌ಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ, ಮೊದಲ ಡ್ರಾ 1968ರ ಜನವರಿ 26ರಂದು. ಈಗ ಓಣಂ ಬಂಪರ್‌ನ ಮೊದಲ ಬಹುಮಾನ 25 ಕೋಟಿ, ಟಿಕೆಟ್ 500 ರೂಪಾಯಿ.

ಕೇರಳ ಮಾದರಿಯ ಪರವಾಗಿ ಹೇಳುವುದು ಬಹಳಷ್ಟಿದೆ. ಅಲ್ಲಿ ಲಾಟರಿ ನಡೆಸುವುದು ಸರ್ಕಾರದ್ದೇ ಇಲಾಖೆ, ನಡುವೆ ಗುತ್ತಿಗೆದಾರನಿಲ್ಲ. ಡ್ರಾ ಸಾರ್ವಜನಿಕರ ಎದುರಿಗೇ ನಡೆಯುತ್ತದೆ. ಟಿಕೆಟ್ ಮಾರಿ ಬದುಕುವವರಲ್ಲಿ ಅಂಗವಿಕಲರು, ವಯಸ್ಸಾದವರು, ಬೇರೆ ಕೂಲಿ ಮಾಡಲಾಗದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2011ರಲ್ಲಿ ಹಣಕಾಸು ಸಚಿವ ಕೆ.ಎಂ. ಮಾಣಿ ಅವರು ಕಾರುಣ್ಯ ಎಂಬ ಹೆಸರಿನ ಲಾಟರಿ ತಂದು, ಅದರ ಲಾಭವನ್ನು ಬಡ ರೋಗಿಗಳ ಕ್ಯಾನ್ಸರ್, ಕಿಡ್ನಿ, ಹೃದಯ ಚಿಕಿತ್ಸೆಗೆ ಕೊಡುವ ನಿಧಿ ಮಾಡಿದರು. ಟಿಕೆಟ್ ಕೊಂಡವನಿಗೆ ಬಹುಮಾನ ಬರದಿದ್ದರೂ ಯಾರದೋ ಡಯಾಲಿಸಿಸ್‌ಗೆ ಕೊಟ್ಟೆ ಎಂಬ ಸಮಾಧಾನ ಸಿಕ್ಕಿತು.

ಈ ಸಮಾಧಾನವೇ ಲಾಟರಿಯ ಅತ್ಯಂತ ಪರಿಣಾಮಕಾರಿ ಜಾಹೀರಾತು. ಬಡವರ ಚಿಕಿತ್ಸೆ ಸರ್ಕಾರದ ಕರ್ತವ್ಯ, ಅದಕ್ಕೆ ಹಣ ಬರಬೇಕಾದದ್ದು ಎಲ್ಲರ ತೆರಿಗೆಯಿಂದ, ಉಳ್ಳವರಿಂದ ಹೆಚ್ಚು. ಅದನ್ನು ಲಾಟರಿಗೆ ಗಂಟುಹಾಕಿದರೆ ಆಸ್ಪತ್ರೆಯ ಖರ್ಚು ಟಿಕೆಟ್ ಕೊಳ್ಳುವವರ ತಲೆಗೆ ಬೀಳುತ್ತದೆ. ಇನ್ನೊಂದು ಮಗ್ಗುಲೂ ಇದೆ. ಲಾಟರಿಯಿಂದ ನೂರು ಕೋಟಿ ಆರೋಗ್ಯಕ್ಕೆ ಬಂತೆಂದಾಗ, ಮೊದಲು ಆರೋಗ್ಯಕ್ಕೆ ಕೊಡುತ್ತಿದ್ದ ನೂರು ಕೋಟಿಯನ್ನು ಬೇರೆ ಬಾಬ್ತಿಗೆ ತಿರುಗಿಸಲು ಹಣಕಾಸು ಇಲಾಖೆಗೆ ಅಡ್ಡಿಯೇನಿಲ್ಲ. ಹಣಕ್ಕೆ ಗುರುತಿರುವುದಿಲ್ಲ. ನಿಧಿಯ ಹೆಸರು ಕಾರುಣ್ಯವೆಂದಿದ್ದ ಮಾತ್ರಕ್ಕೆ ಕಾರುಣ್ಯ ಹೆಚ್ಚಾಯಿತೇ ಎಂಬುದು ಇಡೀ ಬಜೆಟ್ ನೋಡಿದರಷ್ಟೇ ತಿಳಿಯುವ ಸಂಗತಿ.

1998ರ ಕಾಯ್ದೆಯ 4ನೇ ಕಲಮು ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಕೂಡದು ಎನ್ನುತ್ತದೆ. ದಿನವೂ ಆಡುವ ಚಟ ಹತ್ತದಿರಲಿ ಎಂಬುದು ಅದರ ಉದ್ದೇಶ. ಕೇರಳ ಏಳು ದಿನಕ್ಕೆ ಏಳು ಹೆಸರಿನ ಲಾಟರಿ ಇಟ್ಟುಕೊಂಡಿದೆ. ಪ್ರತಿಯೊಂದಕ್ಕೂ ವಾರಕ್ಕೊಂದೇ ಡ್ರಾ, ಆದರೆ ಕೊಳ್ಳುವವನಿಗೆ ದಿನಕ್ಕೊಂದು. ಕಾಯ್ದೆಯ ಅಕ್ಷರ ಉಳಿಯಿತು, ಉದ್ದೇಶ ಹೋಯಿತು.

ಐವತ್ತು ರೂಪಾಯಿ ಎಲ್ಲಿ ಹೋಗುತ್ತದೆ?

ಜಿಎಸ್‌ಟಿ ನಿಯಮದ ಪ್ರಕಾರ ಟಿಕೆಟ್ ಮೇಲೆ ಅಚ್ಚಾದ ಬೆಲೆಯಲ್ಲೇ ತೆರಿಗೆ ಸೇರಿದೆ. ಶೇ 28 ಇದ್ದಾಗ 50 ರೂಪಾಯಿಯ ಟಿಕೆಟ್‌ನಲ್ಲಿ ತೆರಿಗೆ 10 ರೂಪಾಯಿ 94 ಪೈಸೆ. ಶೇ 40 ಆದ ಮೇಲೆ 14 ರೂಪಾಯಿ 29 ಪೈಸೆ. ಕೇರಳ ಟಿಕೆಟ್ ಬೆಲೆ ಏರಿಸಲಿಲ್ಲ. ಹಾಗಾದರೆ ಹೆಚ್ಚುವರಿ ಮೂರು ರೂಪಾಯಿ ಚಿಲ್ಲರೆ ಎಲ್ಲಿಂದ ಬರಬೇಕು? ಬಹುಮಾನ, ಏಜೆಂಟರ ಕಮಿಷನ್, ರಾಜ್ಯದ ಲಾಭ ಈ ಮೂರರಿಂದಲೇ. ಪಾಪದ ವಸ್ತುವಿಗೆ ತೆರಿಗೆ ಹೆಚ್ಚಿಸಿದರೆ ಬಳಕೆ ತಗ್ಗುತ್ತದೆ ಎಂಬುದು ಸಿಗರೇಟಿನ ಲೆಕ್ಕ. ಸಿಗರೇಟಿನ ಬೆಲೆ ಏರಿದ್ದು ಸೇದುವವನ ಜೇಬಿಗೆ ಆಗಲೇ ತಟ್ಟುತ್ತದೆ. ಲಾಟರಿಯಲ್ಲಿ ಚೀಟಿಯ ಬೆಲೆ ಅಷ್ಟೇ ಇದ್ದು ಗೆಲುವಿನ ಪಾಲು ಕರಗುತ್ತದೆ, ಕೊಳ್ಳುವವನ ಕಣ್ಣಿಗೆ ಅದು ಬೀಳುವುದಿಲ್ಲ. ತೆರಿಗೆ ಏರಿಕೆ ಇಲ್ಲಿ ಕಡಿವಾಣವಾಗಿ ಕೆಲಸ ಮಾಡುವುದು ಅನುಮಾನ.

ಗೆದ್ದವನ ಪಾಲೂ ಇಡಿಯಾಗಿ ಬರುವುದಿಲ್ಲ. 25 ಕೋಟಿಯಲ್ಲಿ ಶೇ 10 ಟಿಕೆಟ್ ಮಾರಿದ ಏಜೆಂಟನದು. ಉಳಿದದ್ದರ ಮೇಲೆ ಶೇ 30 ಆದಾಯ ತೆರಿಗೆ, ಅದಕ್ಕೆ ಸರ್‌ಚಾರ್ಜ್, ಸೆಸ್. ಕೈಗೆ ಸಿಗುವುದು ಸರಿಸುಮಾರು ಅರ್ಧ. ಹೀಗೆ ಒಂದೇ ಚೀಟಿಗೆ ಸರ್ಕಾರಗಳು ಮೂರು ಕಡೆ ಕೈ ಹಾಕುತ್ತವೆ: ಮಾರುವಾಗ ಜಿಎಸ್‌ಟಿ, ಉಳಿದಾಗ ಲಾಭ, ಗೆದ್ದಾಗ ಆದಾಯ ತೆರಿಗೆ.

ಓಣಂ ಬಂಪರ್‌ನಲ್ಲಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದದ್ದಿದೆ. ಮೊದಲ ಬಹುಮಾನ ಒಂದೇ. 70 ಲಕ್ಷಕ್ಕೆ ಒಂದರ ಸಾಧ್ಯತೆ ಅಂದರೆ, ವಾರಕ್ಕೊಂದು ಅಂಥ ಟಿಕೆಟ್ ಕೊಂಡವನಿಗೆ ಸರಾಸರಿ ಸುಮಾರು 1 ಲಕ್ಷದ 35 ಸಾವಿರ ವರ್ಷಕ್ಕೊಮ್ಮೆ ಗೆಲುವು. ಒಂದು ಟಿಕೆಟ್ ಕೊಂಡವನಿಗೆ ಗೆಲ್ಲುವ ಕನಸಾದರೂ ಇದೆ, ಎಲ್ಲ ಟಿಕೆಟ್ ಕೊಂಡವನಿಗೆ ಸೋಲು ಖಚಿತ ಎಂದು ಆಡಂ ಸ್ಮಿತ್ 18ನೇ ಶತಮಾನದಲ್ಲೇ ತೋರಿಸಿದ್ದ. ಹೆಚ್ಚು ಕೊಂಡಷ್ಟೂ ಸೋಲು ಹತ್ತಿರ.

ಬಂಪರ್ ವರ್ಷಕ್ಕೆ ಕೆಲವೇ ಬಾರಿ. ದಿನದ ಚೀಟಿಯ ಕಥೆ ಬೇರೆ. ದಿನಕ್ಕೆ 50 ರೂಪಾಯಿಯಂತೆ ವರ್ಷಕ್ಕೆ 18,250 ರೂಪಾಯಿ. ದಿನಕ್ಕೆ 600 ರೂಪಾಯಿ ಕೂಲಿಯವನಿಗೆ ಅದು ಒಂದು ತಿಂಗಳ ದುಡಿಮೆಗೂ ಹೆಚ್ಚು. ತಿಂಗಳಿಗೆ ಒಂದೂವರೆ ಲಕ್ಷ ಎಣಿಸುವವನಿಗೆ ನಾಲ್ಕು ದಿನದ ಸಂಬಳವೂ ಅಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಪ್ರತಿಗಾಮಿ ತೆರಿಗೆ ಎನ್ನುತ್ತಾರೆ: ಮೊತ್ತ ಒಂದೇ ಇದ್ದರೂ ಬಡವನ ಆದಾಯದಲ್ಲಿ ಅದರ ಪಾಲು ದೊಡ್ಡದು. ನೂರು, ಇನ್ನೂರರ ಸಣ್ಣ ಬಹುಮಾನ ಆಗೊಮ್ಮೆ ಈಗೊಮ್ಮೆ ತಗುಲುತ್ತದೆ. ಆ ಹಣದಿಂದ ಮರುದಿನದ ಚೀಟಿ ಕೊಳ್ಳಲು ಅಂಗಡಿಯ ಮುಂದೆಯೇ ಅವಕಾಶವಿದೆ.

ಇಷ್ಟೆಲ್ಲ ಆಗಿ ರಾಜ್ಯಕ್ಕೆ ಉಳಿದದ್ದೆಷ್ಟು? 2019-20ರಲ್ಲಿ ಕೇರಳದ ಲಾಟರಿ ಮಾರಾಟ ಸುಮಾರು 10 ಸಾವಿರ ಕೋಟಿ, ಲಾಭ 1,700 ಕೋಟಿಯ ಆಸುಪಾಸು. ಬಜೆಟ್ ಪುಸ್ತಕದಲ್ಲಿ ಕಾಣುವ ದೊಡ್ಡ ಅಂಕಿ ಒಟ್ಟು ಮಾರಾಟದ್ದು. ಅದನ್ನೇ ಆದಾಯವೆಂದು ಓದಿದರೆ ಲಾಟರಿ ಕಾಮಧೇನುವಿನಂತೆ ಕಾಣುತ್ತದೆ. ನಿಜಕ್ಕೂ ಸರ್ಕಾರ ನೂರು ರೂಪಾಯಿ ಜನರಿಂದ ಎತ್ತಿ ಹದಿನೇಳು ಹದಿನೆಂಟು ರೂಪಾಯಿ ಲಾಭ ಉಳಿಸಿಕೊಂಡಿದೆ. ತೆರಿಗೆಯ ಪಾಲು ಇದಕ್ಕೆ ಹೊರತು. ತೆರಿಗೆ ಸಂಗ್ರಹದ ಉಪಾಯವಾಗಿ ಇದು ದುಬಾರಿ.

'ಹೇಗೂ ಆಡುತ್ತಾರೆ' ಎಂಬ ವಾದ

ಲಾಟರಿ ಪರವಾಗಿರುವವರ ಗಟ್ಟಿ ವಾದ ಇದು: ಜನ ಜೂಜಾಡುವುದನ್ನು ಬಿಡುವುದಿಲ್ಲ. ಸರ್ಕಾರ ನಡೆಸದಿದ್ದರೆ ಮಟ್ಕಾದವನು ನಡೆಸುತ್ತಾನೆ. ಮೋಸವಿಲ್ಲದ, ಸಾಲ ಕೊಡದ, ಗೆದ್ದರೆ ಹಣ ಖಾತ್ರಿಯಿರುವ ಜೂಜು ವಾಸಿ.

ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಕರ್ನಾಟಕದ ಊರುಗಳಲ್ಲಿ ಓಸಿ ಎಂಬ ಅಂಕಿ ಜೂಜಿನ ಚೀಟಿ ಬರೆಯುವವರನ್ನು ಪೊಲೀಸರು ಹಿಡಿದ ಸುದ್ದಿ ಇಂದಿಗೂ ಬರುತ್ತಲೇ ಇದೆ. ಲಾಟರಿ ನಿಷೇಧಿಸಿ ಎಂಟು ವರ್ಷವಾದ ಮೇಲೆ, 2015ರಲ್ಲಿ ಅಕ್ರಮ ಒಂದಂಕಿ ಲಾಟರಿ ದಂಧೆ ಬಯಲಾಗಿ, ಪೊಲೀಸ್ ಇಲಾಖೆಯ ಮೇಲೂ ಶಂಕೆ ಮೂಡಿ ರಾಜ್ಯ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು.

ಆದರೆ ಈ ವಾದ ನಿಲ್ಲಬೇಕಾದರೆ ಸರ್ಕಾರಿ ಲಾಟರಿ ಇರುವಲ್ಲಿ ಅಕ್ರಮ ಜೂಜು ಅಳಿಯಬೇಕು. ಕೇರಳದಲ್ಲಿ 'ಎಳುತ್ತು ಲಾಟರಿ' ಎಂಬುದೊಂದಿದೆ, ಬರೆಯುವ ಲಾಟರಿ ಎಂದರ್ಥ. ಸರ್ಕಾರಿ ಡ್ರಾದ ಕೊನೆಯ ಮೂರು ಅಂಕಿ ಏನು ಬರುತ್ತದೆಂದು ಗುಟ್ಟಾಗಿ ಪಣ ಕಟ್ಟುವುದು. ಡ್ರಾ ಸರ್ಕಾರದ್ದು, ಅದರ ನಂಬಿಕಸ್ತಿಕೆಯೂ ಸರ್ಕಾರದ್ದು. ದಂಧೆಕೋರ ಸ್ವಂತ ಚಕ್ರ ತಿರುಗಿಸುವ ಖರ್ಚಿಲ್ಲದೆ ಆ ಫಲಿತಾಂಶದ ಮೇಲೆ ತನ್ನ ಅಂಗಡಿ ಹಾಕಿಕೊಂಡಿದ್ದಾನೆ. ಅಧಿಕೃತ ಜೂಜು ಅನಧಿಕೃತವನ್ನು ನುಂಗುವ ಬದಲು ಅದಕ್ಕೆ ಊಟ ಹಾಕುತ್ತಿದೆ. ಕೇರಳ ಲಾಟರಿಯ ಹೆಸರಿನಲ್ಲಿ ಆನ್‌ಲೈನ್ ಟಿಕೆಟ್ ಕೊಡುತ್ತೇವೆಂದು ವಂಚಿಸುವವರದೂ ಇದೇ ಬಂಡವಾಳ. ಕೇರಳ ಮಾರುವುದು ಕಾಗದದ ಟಿಕೆಟ್ ಮಾತ್ರ.

ಹೆಸರು ರಾಜ್ಯದ್ದು, ವಹಿವಾಟು ಇನ್ನೊಬ್ಬರದ್ದು

ಕೇರಳದ್ದು ಶುದ್ಧ ರೂಪ ಎನ್ನಬಹುದಾದರೆ, ಈಶಾನ್ಯದ ಸಣ್ಣ ರಾಜ್ಯಗಳದು ಬೇರೆಯದೇ ರೂಪ. ನಾಗಾಲ್ಯಾಂಡ್, ಸಿಕ್ಕಿಂನ ಜನಸಂಖ್ಯೆ ಚಿಕ್ಕದು, ಟಿಕೆಟ್ ಮಾರಾಟವಾಗುವುದು ಬಂಗಾಳದಂಥ ದೊಡ್ಡ ರಾಜ್ಯಗಳಲ್ಲಿ. ಮಾರುವುದು ಖಾಸಗಿ ವಿತರಕ. ರಾಜ್ಯಕ್ಕೆ ಒಪ್ಪಂದದ ಮೊತ್ತ, ವಿತರಕನಿಗೆ ರಾಜ್ಯದ ಮುದ್ರೆ. ಸೋಲುವವರು ಇನ್ನೊಂದು ರಾಜ್ಯದವರಾದ್ದರಿಂದ ಆಳುವವರಿಗೆ ಮತದ ಭಯವಿಲ್ಲ.

ಇಂಥ ವಿತರಕರ ಕೈಯಲ್ಲಿ ಎಷ್ಟು ಹಣ ಸೇರಬಹುದು ಎಂಬುದಕ್ಕೆ 2024ರ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು. ಪಕ್ಷಗಳಿಗೆ ದೇಣಿಗೆ ಕೊಡಲು ಚುನಾವಣಾ ಬಾಂಡ್ ಕೊಂಡವರ ವಿವರವನ್ನು ಚುನಾವಣಾ ಆಯೋಗ ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಲಾಟರಿ ವಿತರಣೆಯ ಫ್ಯೂಚರ್ ಗೇಮಿಂಗ್ ಕಂಪನಿಯದು: 1,368 ಕೋಟಿ ರೂಪಾಯಿ. ಉಕ್ಕು, ಸಿಮೆಂಟ್, ಔಷಧ ಕಂಪನಿಗಳೆಲ್ಲ ಅದರ ಹಿಂದೆ. ಕಾನೂನಿನ ಪ್ರಕಾರವೇ ಕೊಂಡ ಬಾಂಡ್‌ಗಳವು, ಅದರಲ್ಲಿ ಅಕ್ರಮವಿದೆಯೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಲಾಟರಿಗೆ ನಿಯಮ ಬರೆಯುವ ರಾಜಕೀಯ ಪಕ್ಷಗಳೇ ಲಾಟರಿಯ ದೇಣಿಗೆಯಿಂದ ಚುನಾವಣೆ ನಡೆಸಿದರೆ ಆ ನಿಯಮ ಎಷ್ಟು ಬಿಗಿಯಾಗಿದ್ದೀತು?

ಕರ್ನಾಟಕದ ಮುಚ್ಚಿದ ಬಾಗಿಲು

ಕರ್ನಾಟಕವೂ ಒಂದು ಕಾಲಕ್ಕೆ ಈ ಆಟದಲ್ಲಿತ್ತು. ತನ್ನದೇ ಲಾಟರಿ ಇತ್ತು, ಹೊರ ರಾಜ್ಯಗಳ ಟಿಕೆಟ್‌ಗೆ 2004ರ ಕಾಯ್ದೆಯಡಿ ತೆರಿಗೆಯೂ ಇತ್ತು. ಆ ತೆರಿಗೆ ಸಲ್ಲದೆಂದು ಮೇಘಾಲಯ ಮುಂತಾದ ರಾಜ್ಯಗಳು ಹೂಡಿದ ಮೊಕದ್ದಮೆ ಹೈಕೋರ್ಟಿನಲ್ಲಿ ಗೆದ್ದು, ಕೊನೆಗೆ 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಅಷ್ಟರಲ್ಲಿ ತೆರಿಗೆ ಹಾಕಲು ಇಲ್ಲಿ ಲಾಟರಿಯೇ ಇರಲಿಲ್ಲ. ತಮಿಳುನಾಡು 2003ರಲ್ಲಿ ಮುಚ್ಚಿದ್ದ ಬಾಗಿಲನ್ನು ಕರ್ನಾಟಕ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಮುಚ್ಚಿತು. ಅದೇ ವರ್ಷ ಸಾರಾಯಿಯೂ ನಿಂತಿತು.

ಹಾಗೆಂದು ನಾವು ಕೇರಳಕ್ಕೆ ನೀತಿಪಾಠ ಹೇಳುವ ಸ್ಥಿತಿಯಲ್ಲಿಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40 ಸಾವಿರ ಕೋಟಿ ರೂಪಾಯಿ. ಕುಡಿತ ತಗ್ಗಿಸಬೇಕಾದ ಸರ್ಕಾರ ಕುಡಿತದ ಆದಾಯಕ್ಕೆ ಪ್ರತಿವರ್ಷ ಹೊಸ ಗುರಿ ಇಟ್ಟುಕೊಳ್ಳುವುದೂ ಲಾಟರಿಯೊಳಗಿನ ವಿರೋಧಾಭಾಸವೂ ಒಂದೇ ಜಾತಿಯವು. ಗುರಿ ಬಂದಲ್ಲಿ ನಿಯಂತ್ರಕ ಮಾರಾಟಗಾರನಾಗುತ್ತಾನೆ. ಈ ವರ್ಷ ಮಾರಾಟ ಕುಸಿಯಿತು, ಒಳ್ಳೆಯದಾಯಿತು ಎಂದು ಬಜೆಟ್ ಮಂಡಿಸುವ ಹಣಕಾಸು ಸಚಿವರು ಇನ್ನೂ ಹುಟ್ಟಬೇಕು.

ನಿಷೇಧಕ್ಕೆ ಗಡಿಯೂ ಇದೆ. ಮಂಗಳೂರಿನಿಂದ ತಲಪಾಡಿ ದಾಟಿದರೆ ಕೇರಳದ ಲಾಟರಿ ಅಂಗಡಿ. ಗುಂಡ್ಲುಪೇಟೆಯಿಂದ ಹೊರಟರೆ ವಯನಾಡು. 2024ರ ಓಣಂ ಬಂಪರ್ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ಕನ್ನಡ ವಾಹಿನಿಗಳು ದಿನವಿಡೀ ಸಂಭ್ರಮಿಸಿದವು. ಗಡಿ ದಾಟಿ ಚೀಟಿ ಕೊಂಡು ಬರಿಗೈಯಲ್ಲಿ ಬಂದವರ ಲೆಕ್ಕ ಯಾವ ವಾಹಿನಿಯಲ್ಲೂ ಬರುವುದಿಲ್ಲ. ಅವರ ಹಣ ತಿರುವನಂತಪುರಕ್ಕೆ ಹೋಗುತ್ತದೆ, ಮನೆಯ ಸಾಲ ಕರ್ನಾಟಕದಲ್ಲಿ ಉಳಿಯುತ್ತದೆ.

ಬಾಗಿಲು ತೆರೆದರೆ

ಹೇಗೂ ಹಣ ಗಡಿ ದಾಟುತ್ತಿದೆ, ನಾವೇ ಏಕೆ ಲಾಟರಿ ನಡೆಸಬಾರದು ಎಂದು ಕೇಳುವವರಿದ್ದಾರೆ. ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸುವ ಮಾತು ಬಂದಾಗಲಂತೂ ಈ ಪ್ರಶ್ನೆ ಸಹಜ. ಅದಕ್ಕೆ ಕಾನೂನಿನಲ್ಲೇ ಒಂದು ಉತ್ತರವಿದೆ. 1998ರ ಕಾಯ್ದೆಯ 5ನೇ ಕಲಮು ಹೊರ ರಾಜ್ಯಗಳ ಲಾಟರಿಯನ್ನು ತಡೆಯುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ. ಆದರೆ 1999ರ ತೀರ್ಪಿನ ಪ್ರಕಾರ ಆ ಅಧಿಕಾರ ಇರುವುದು ತನ್ನದೂ ಲಾಟರಿ ಇಲ್ಲದ ರಾಜ್ಯಕ್ಕೆ ಮಾತ್ರ. ನಾನು ಮಾರುತ್ತೇನೆ, ನೀನು ಮಾರಬೇಡ ಎನ್ನುವಂತಿಲ್ಲ. ಕರ್ನಾಟಕ ಒಂದೇ ಒಂದು ಟಿಕೆಟ್ ಅಚ್ಚು ಹಾಕಿದರೂ ನಾಗಾಲ್ಯಾಂಡ್, ಸಿಕ್ಕಿಂನ ವಿತರಕರಿಗೆ ಹೊಸಪೇಟೆಯಲ್ಲೂ ಹಾವೇರಿಯಲ್ಲೂ ಅಂಗಡಿ ತೆರೆಯುವ ದಾರಿ ಸಿಗುತ್ತದೆ. ಕೇರಳ ಹೊರ ರಾಜ್ಯದ ಲಾಟರಿಗಳ ಜೊತೆ ವರ್ಷಗಟ್ಟಲೆ ಗುದ್ದಾಡಿದ್ದು ಇದೇ ಕಾರಣಕ್ಕೆ. 2019ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಮತಕ್ಕೆ ಹಾಕಿದ ವಿಷಯವೂ ಲಾಟರಿ ತೆರಿಗೆಯೇ ಆಗಿತ್ತು.

ಹಿಮಾಚಲದ ಮುಂದೆ ಈಗ ಇರುವುದೂ ಇದೇ ಕವಲು. 100 ಕೋಟಿಯ ಆಸೆಗೆ ಬಾಗಿಲು ತೆರೆದರೆ ಒಳಬರುವವರು ಯಾರೆಂದು ಆಯ್ಕೆ ಮಾಡುವ ಹಕ್ಕು ಅದಕ್ಕಿರುವುದಿಲ್ಲ. ಅಲ್ಲಿನ ಲಾಟರಿಯನ್ನು ಕೇರಳದಂತೆ ಇಲಾಖೆಯೇ ನಡೆಸುತ್ತದೆಯೋ, ಟೆಂಡರ್ ಕರೆದು ವಿತರಕನಿಗೆ ಒಪ್ಪಿಸುತ್ತದೆಯೋ ಎಂಬುದನ್ನು ಮೊದಲು ನೋಡಬೇಕು. ಎರಡನೆಯದು, ವಾರಕ್ಕೊಂದೇ ಡ್ರಾ ಎಂಬ ಮಿತಿಗೆ ಅದು ನಿಜವಾಗಿ ನಿಲ್ಲುತ್ತದೆಯೋ, ಇಲ್ಲಾ ಏಳು ಹೆಸರು ಹುಡುಕುತ್ತದೆಯೋ ಎಂಬುದು. ಜಾಹೀರಾತಿಗೆ ಎಷ್ಟು ಖರ್ಚು ಮಾಡುತ್ತದೆ ಎಂಬ ಸಾಲು ಬಜೆಟ್ ಪುಸ್ತಕದಲ್ಲಿ ಕಂಡರೆ ಅದನ್ನೂ ಓದಿಕೊಳ್ಳಬೇಕು.

ಇತ್ತ ದೆಹಲಿಯಲ್ಲಿ ಆನ್‌ಲೈನ್ ಆಟಗಳ ನಿಷೇಧ ಕಾಯ್ದೆಯನ್ನು ಕಂಪನಿಗಳು ಪ್ರಶ್ನಿಸಿವೆ. ಅಂಥ ಒಂದು ಅರ್ಜಿ ಮೊದಲು ಬಂದದ್ದು ಕರ್ನಾಟಕ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಜನ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಆ ನಿಷೇಧಕ್ಕೆ ಕೇಂದ್ರ ಕಾರಣವಾಗಿ ಕೊಟ್ಟಿದೆ. ಕಾಗದದ ಲಾಟರಿ ಕೊಂಡು ಜನ ವರ್ಷಕ್ಕೆ ಎಷ್ಟು ಕಳೆದುಕೊಳ್ಳುತ್ತಾರೆಂದು ಲೆಕ್ಕ ಹಾಕುವುದು ಇದಕ್ಕಿಂತ ಬಹಳ ಸುಲಭ. ಮಾರಿದ ಟಿಕೆಟ್, ಕೊಟ್ಟ ಬಹುಮಾನ ಎರಡೂ ಆಯಾ ಸರ್ಕಾರದ ಕಡತದಲ್ಲೇ ಇವೆ. ಒಂದರಿಂದ ಇನ್ನೊಂದನ್ನು ಕಳೆದರಾಯಿತು.